ಸತ್ತವರ ಸೊತ್ತು, ಬದುಕಿದವರ ಹೊಣೆ

ಪ್ರೀತಿಸಿದವರನ್ನು ಬರಿಗೈಯಲ್ಲಿ ಕಳುಹಿಸಿಕೊಡುವುದು ಮನುಷ್ಯನಿಂದ ಆಗದ ಮಾತು. ಗಂಡನ ಮನೆಗೆ ಹೊರಟ ಮಗಳಿಗೆ ಉಡಿ ತುಂಬುವ ಕೈ, ಪರಸ್ಥಳಕ್ಕೆ ಓದಲು ಹೊರಟ ಮಗನ ಚೀಲದಲ್ಲಿ ರೊಟ್ಟಿಯ ಬುತ್ತಿಯನ್ನಿಡುವ ಕೈ, ಮರಳಿ ಬಾರದ ಪಯಣಕ್ಕೆ ಹೊರಟವರ ಮಗ್ಗುಲಲ್ಲಿಯೂ ಏನನ್ನಾದರೂ ಇರಿಸದೆ ಹಿಂದೆ ಸರಿಯಲಾರದು. ಮಾನವಸಹಜವಾದ ಈ ತವಕವು ಚೀನಾ ದೇಶದಲ್ಲಿ ಮೂರು ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಕಂಚಿನಲ್ಲಿ, ಜೇಡ್ ಶಿಲೆಯಲ್ಲಿ, ಮಣ್ಣಿನಲ್ಲಿ, ಮರದಲ್ಲಿ, ರೇಷ್ಮೆಯಲ್ಲಿ, ಕಡೆಗೆ ಕಾಗದದಲ್ಲಿ ರೂಪ ತಾಳುತ್ತ ಬಂದಿತು. ಹಾಗೆ ರೂಪ ತಾಳಿದ ವಸ್ತುಗಳು ಇಂದು ಜಗತ್ತಿನ ಹಲವು ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ ನಿಂತಿವೆ. ಕನ್ನಡ ಪಾಠ ಹೇಳಿಕೊಂಡು ಬಂದ ನಾನು ಅವನ್ನು ಕುರಿತು ಈ ಸ್ಮರಣ ಸಂಚಿಕೆಯಲ್ಲಿ ಬರೆಯಲು ಒಂದು ನಿಮಿತ್ತವುಂಟು.

ಕೆಲವು ತಿಂಗಳ ಹಿಂದೆ, ಪರದೇಶದಲ್ಲಿ ನೆಲೆಸಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದರು. ಅವರಿರುವ ಊರಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ, ಚೀನಾದ ಪ್ರಾಚೀನ ಸಮಾಧಿಯಿಂದ ಬಂದುದೆನ್ನಲಾದ ಮಣ್ಣಿನ ಕುದುರೆಯೊಂದು ಮಾರಾಟಕ್ಕಿದೆಯಂತೆ. ಶಾಲೆಯವರು ಒಪ್ಪಿದರೆ ಅದನ್ನು ಕೊಂಡು ನಮ್ಮ ವಸ್ತುಪ್ರದರ್ಶನದ ಕೊಠಡಿಗೆ ಕಾಣಿಕೆಯಾಗಿ ಸಲ್ಲಿಸುವುದು ಅವರ ಅಪೇಕ್ಷೆ. ಅಧ್ಯಾಪಕರ ಕೊಠಡಿಯಲ್ಲಿ ಕೂಡಲೇ ಎರಡು ಪಕ್ಷಗಳಾದವು. ಗೋರಿಯಿಂದ ತೆಗೆದ ವಸ್ತು ಮಕ್ಕಳು ಓಡಾಡುವ ಸ್ಥಳಕ್ಕೆ ಸಲ್ಲದೆಂದು ಕೆಲವರು; ಅಂತಹ ಅಪೂರ್ವ ವಸ್ತು ಜಿಲ್ಲೆಯಲ್ಲಿಯೇ ಮತ್ತಾವ ಶಾಲೆಗೂ ದೊರೆತಿಲ್ಲವೆಂದು ಕೆಲವರು. ಹಿರಿಯನೆಂಬ ಕಾರಣಕ್ಕೆ ನನ್ನ ಅಭಿಪ್ರಾಯವನ್ನು ಕೇಳಿದರು. "ಸೂತಕವನ್ನೊಪ್ಪದ ಪರಂಪರೆಯ ಸಂಸ್ಥೆ ನಮ್ಮದು, ಕಲಿಕೆಗೆಲ್ಲಿಯ ಮೈಲಿಗೆ? ಧಾರಾಳವಾಗಿ ಬರಲಿ" ಎಂದು ನಾನು ಹಿಂದುಮುಂದು ನೋಡದೆ ನುಡಿದುಬಿಟ್ಟೆ. ಆ ಬಳಿಕ ಈ ವಿಷಯವಾಗಿ ದೊರೆತ ಪುಸ್ತಕಗಳನ್ನೆಲ್ಲ ತರಿಸಿ ಓದಿದೆ. ಓದಿದಷ್ಟೂ ನನ್ನ ಉತ್ತರ ದುಡುಕಿನದೆಂದು ಮನವರಿಕೆಯಾಗುತ್ತ ಹೋಯಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಕಾರಣವನ್ನು ಹೇಳಬೇಕಾದುದು ಧರ್ಮ. ಆ ಕಾರಣವೇ ಈ ಲೇಖನ.

ಮೊದಲು ಹೆಸರನ್ನು ವಿಚಾರಿಸೋಣ. ಸತ್ತವರಿಗಾಗಿಯೇ ನಿರ್ಮಿಸಿದ ಈ ವಸ್ತುಗಳನ್ನು ಚೀನೀಯರು 'ಮಿಂಗ್‌ಚಿ' ಎನ್ನುತ್ತಾರೆ. 'ಚಿ' ಎಂದರೆ ಪಾತ್ರೆ, ಉಪಕರಣ. 'ಮಿಂಗ್' ಎಂಬುದನ್ನು ಬರೆಯುವ ಲಿಪಿಚಿಹ್ನೆಯಲ್ಲಿ ಸೂರ್ಯಚಂದ್ರರ ಚಿಹ್ನೆಗಳು ಅಕ್ಕಪಕ್ಕದಲ್ಲಿವೆ. ಬೆಳಕು ಎಂದು ಅದರ ಅರ್ಥ. ಅದೇ ಉಚ್ಚಾರಣೆಯ ಇನ್ನೊಂದು ಚಿಹ್ನೆಗೆ ಕತ್ತಲೆ ಎಂಬ ಅರ್ಥವಿದ್ದು, ಅದರಿಂದಲೂ ಈ ಪದವನ್ನು ಬರೆಯುವ ವಾಡಿಕೆಯುಂಟು. ಬೆಳಕೂ ಕತ್ತಲೆಯೂ ಒಂದೇ ಉಲಿಯಲ್ಲಿ ಅಡಗಿರುವ ಈ ಪದವು ಮೃತ್ಯುವಿನೆದುರು ನಿಂತ ಮನುಷ್ಯನ ಮನಃಸ್ಥಿತಿಗೆ ಎಷ್ಟು ಒಪ್ಪುತ್ತದೆಂಬುದನ್ನು ಸಹೃದಯರಿಗೆ ಬೇರೆ ಹೇಳಬೇಕಾಗಿಲ್ಲ.

ಚೀನೀಯರ ಪ್ರಾಚೀನ ಆಚಾರಗ್ರಂಥವಾದ 'ಲೀಜಿ'ಯಲ್ಲಿ ಕನ್‌ಫ್ಯೂಷಿಯಸನ ಹೆಸರಿನಲ್ಲಿ ಒಂದು ವಿಚಾರವಿದೆ. ಅದರ ಸಾರವಿಷ್ಟು: ಸತ್ತವರನ್ನು ಪೂರ್ತಿಯಾಗಿ ಸತ್ತವರೆಂದೇ ಬಗೆದರೆ ಅದು ನಿರ್ದಯೆ, ಇನ್ನೂ ಬದುಕಿರುವರೆಂದೇ ಬಗೆದರೆ ಅದು ಅವಿವೇಕ. ಆದುದರಿಂದ ಅವರಿಗೆ ಕೊಡುವ ವಸ್ತು ನಡುದಾರಿಯದಾಗಿರಬೇಕು. ಬಿದಿರಿನ ಬುಟ್ಟಿಯಿರಲಿ, ಆದರೆ ಬಳಕೆಗೆ ಬಾರದಂತಿರಲಿ. ತಂತಿವಾದ್ಯವಿರಲಿ, ಆದರೆ ಶ್ರುತಿಗೂಡದಿರಲಿ. ಗಂಟೆಗಳಿರಲಿ, ಆದರೆ ತೂಗುಹಾಕುವ ಚೌಕಟ್ಟು ಬೇಡ. ಪಾತ್ರೆಯನ್ನು ಕಂಡವನಿಗೆ ಕೊಟ್ಟವರ ಅಕ್ಕರೆ ತಿಳಿಯಬೇಕು. ಅದನ್ನು ಬಳಸಲಾಗದೆಂಬುದರಿಂದ ಅಗಲಿಕೆಯ ಸತ್ಯವೂ ತಿಳಿಯಬೇಕು. ನಮ್ಮ ಅಲಂಕಾರಶಾಸ್ತ್ರದಲ್ಲಿ 'ಉಪಚಾರ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಲೋಕದಲ್ಲಿ ಬಳಕೆಯಲ್ಲಿರುವ ಸೇವೆ, ಸತ್ಕಾರ. ಇನ್ನೊಂದು, ಮುಖ್ಯಾರ್ಥವು ಬಾಧಿತವಾದಾಗ ಪದವು ಹಿಡಿಯುವ ಗೌಣಾರ್ಥದ ದಾರಿ. ಮಿಂಗ್‌ಚಿ ಎಂಬುದು ಎರಡರ್ಥದಲ್ಲಿಯೂ ಉಪಚಾರವೇ. ಅದು ಸತ್ಕಾರವೂ ಹೌದು, ರೂಪಕವೂ ಹೌದು. ಮಣ್ಣಿನ ಒಲೆಯಲ್ಲಿ ಅನ್ನ ಬೇಯದು. ಬೆಂದುದು ಕೊಟ್ಟವರ ಒಡಲು.

ಈ ರೂಪಕದ ಹಿಂದೆ ಘೋರವಾದ ವಾಚ್ಯಾರ್ಥವೊಂದಿತ್ತೆಂಬುದನ್ನು ಮರೆಯುವಂತಿಲ್ಲ. ೧೯೭೬ರಲ್ಲಿ ಹೆನಾನ್ ಪ್ರಾಂತ್ಯದ ಅನ್ಯಾಂಗ್ ನಗರದ ಬಳಿ, ಶಾಂಗ್ ವಂಶದ ದೊರೆ ವೂ ದಿಂಗನ ರಾಣಿಯರಲ್ಲೊಬ್ಬಳಾದ ಫೂ ಹಾವ್ ಎಂಬವಳ ಸಮಾಧಿ ದೊರೆಯಿತು. ಕ್ರಿ.ಪೂ. ೧೨೦೦ರ ಆಸುಪಾಸಿನ ಈ ಸಮಾಧಿಯನ್ನು ಕಳ್ಳರು ಮುಟ್ಟಿರಲಿಲ್ಲ. ನಾನೂರಕ್ಕೂ ಮೀರಿದ ಕಂಚಿನ ವಸ್ತುಗಳು, ಏಳುನೂರಕ್ಕೂ ಮೀರಿದ ಜೇಡ್ ವಸ್ತುಗಳು, ಸಾವಿರಾರು ಕವಡೆಗಳು ಅಲ್ಲಿದ್ದವು. ಅವುಗಳೊಡನೆ ಬಲಿಯಾದ ಹದಿನಾರು ಮಂದಿ ಮನುಷ್ಯರೂ ಆರು ನಾಯಿಗಳೂ ಇದ್ದುವು. ಕಂಚಿನ ಪಾತ್ರೆಗಳ ಮೇಲೆ ರಾಣಿಯ ಹೆಸರು ಕೆತ್ತಿದೆ. ಶಕುನ ನೋಡಲು ಬಳಸುತ್ತಿದ್ದ ಮೂಳೆಗಳ ಮೇಲೆ ಆಕೆಯ ಹೆರಿಗೆ, ಆಕೆ ನಡೆಸಿದ ದಂಡಯಾತ್ರೆ ಇವುಗಳ ಪ್ರಸ್ತಾಪವಿದೆ. ಆ ಹದಿನಾರು ಮಂದಿಯ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಇಂತಹ ಬಲಿಯ ಸ್ಥಾನದಲ್ಲಿ ಮರದ, ಮಣ್ಣಿನ ಗೊಂಬೆ ಬಂದುದನ್ನು ಧರ್ಮದ ಮುನ್ನಡೆಯೆಂದು ನಾವು ಸಹಜವಾಗಿಯೇ ಕೊಂಡಾಡುತ್ತೇವೆ. ಕನ್‌ಫ್ಯೂಷಿಯಸನು ಅಷ್ಟು ಸುಲಭವಾಗಿ ಒಪ್ಪಿದವನಲ್ಲ. ಹುಲ್ಲಿನ ಗೊಂಬೆಗೆ ಅವನ ಸಮ್ಮತಿಯಿತ್ತು; 'ಯೊಂಗ್' ಎಂದು ಕರೆಯುವ, ಮನುಷ್ಯನನ್ನೇ ಹೋಲುವ ಗೊಂಬೆಯನ್ನು ಅವನು ಖಂಡಿಸಿದನೆಂದು 'ಲೀಜಿ'ಯೂ ಮೆನ್ಶಿಯಸನ ಗ್ರಂಥವೂ ಹೇಳುತ್ತವೆ. ಹೋಲಿಕೆ ಅತಿಯಾದರೆ ಮನುಷ್ಯನನ್ನೇ ಹೂಳುವ ಬುದ್ಧಿ ಮರಳಿ ಬಂದೀತೆಂಬುದು ಅವನ ಅಂಜಿಕೆ.

ಆ ಅಂಜಿಕೆ ನಿರಾಧಾರವಾಗಿರಲಿಲ್ಲ. ಅವನು ತೀರಿಕೊಂಡು ಅರ್ಧ ಶತಮಾನ ಸಂದಿರುವಷ್ಟರಲ್ಲಿ, ಕ್ರಿ.ಪೂ. ೪೩೩ರ ಸುಮಾರಿಗೆ, ಈಗಿನ ಹುಬೈ ಪ್ರಾಂತ್ಯದಲ್ಲಿ ಝೆಂಗ್ ಎಂಬ ಸಣ್ಣ ಸಂಸ್ಥಾನದ ಒಡೆಯನಾದ ಯಿ ಎಂಬವನ ಸಮಾಧಿಯಾಯಿತು. ೧೯೭೮ರಲ್ಲಿ ಅದನ್ನು ಉತ್ಖನನ ಮಾಡಿದಾಗ ಅರುವತ್ತೈದು ಕಂಚಿನ ಗಂಟೆಗಳ ಭವ್ಯವಾದ ವಾದ್ಯವೊಂದು ದೊರೆಯಿತು. ಇವು ಶ್ರುತಿಯಿಲ್ಲದ ಗಂಟೆಗಳಲ್ಲ. ಒಂದೊಂದು ಗಂಟೆಯೂ ಬಡಿದ ಸ್ಥಳಕ್ಕನುಸಾರವಾಗಿ ಎರಡೆರಡು ಸ್ವರಗಳನ್ನು ಹೊರಡಿಸುತ್ತದೆ. ವುಹಾನಿನ ವಸ್ತುಸಂಗ್ರಹಾಲಯದಲ್ಲಿ ಆ ವಾದ್ಯವನ್ನು ಕಂಡವರು ತಲೆದೂಗುತ್ತಾರೆ. ಆದರೆ ಅದೇ ಸಮಾಧಿಯಲ್ಲಿ ಇಪ್ಪತ್ತೊಂದು ಮಂದಿ ಹೆಂಗಸರ ಶವಪೆಟ್ಟಿಗೆಗಳೂ ಇದ್ದುವು. ಗಂಟೆಗಳಿಗೆ ತಲೆದೂಗುವ ಮುನ್ನ ಆ ತರುಣಿಯರಿಗೆ ತಲೆಬಾಗಬೇಡವೆ?

ಚಿನ್ ವಂಶದ ಆದಿಸಮ್ರಾಟನ ಮಣ್ಣಿನ ಸೈನ್ಯದ ಸುದ್ದಿಯನ್ನು ಕೇಳದವರು ವಿರಳ. ೧೯೭೪ರಲ್ಲಿ ಷಿಆನ್ ನಗರದ ಹೊರಗೆ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಮೊದಲ ಗೊಂಬೆ ತಗುಲಿತು. ಆಳೆತ್ತರದ ಸೈನಿಕರು ಒಟ್ಟು ಎಂಟು ಸಾವಿರದಷ್ಟಿರಬಹುದೆಂದು ಪಂಡಿತರ ಅಂದಾಜು. ಒಬ್ಬನ ಮುಖದಂತೆ ಇನ್ನೊಬ್ಬನದಿಲ್ಲ. ಕ್ರಿ.ಪೂ. ೨೧೦ರಲ್ಲಿ ಸತ್ತ ಆ ಚಕ್ರವರ್ತಿಗೆ ಇಷ್ಟೊಂದು ಗೊಂಬೆಗಳು ಸಾಲದೆ ಹೋದುವು. ಮಕ್ಕಳಿಲ್ಲದ ಅಂತಃಪುರದ ಸ್ತ್ರೀಯರನ್ನು ಅವನೊಡನೆ ಸಾಯಿಸಿದರೆಂದೂ, ಒಳಗಿನ ರಹಸ್ಯವನ್ನು ಬಲ್ಲ ಕುಶಲಕರ್ಮಿಗಳನ್ನು ಬಾಗಿಲಿಕ್ಕಿ ಒಳಗೇ ಉಳಿಸಿದರೆಂದೂ ಇತಿಹಾಸಕಾರ ಸೀಮಾ ಛಿಯನ್ ಬರೆದಿಟ್ಟಿದ್ದಾನೆ. ಹೋಲಿಕೆ ಪರಾಕಾಷ್ಠೆಗೇರಿದಲ್ಲಿಯೇ ಜೀವಬಲಿಯೂ ನಡೆಯಿತು. ಗುರುವಿನ ಅಂಜಿಕೆ ದಿಟವಾಯಿತು.

ಇವೆಲ್ಲ ದೊರೆಗಳ ಮಾತು. ಮಿಂಗ್‌ಚಿಯ ನಿಜವಾದ ಚೆಲುವನ್ನು ಕಾಣಬೇಕಾದರೆ ಅನಂತರದ ಹಾನ್ ವಂಶದ ಕಾಲದ ಸಾಧಾರಣ ಸಮಾಧಿಗಳಿಗೆ ಬರಬೇಕು. ಗೇಣುದ್ದದ ಮಣ್ಣಿನ ಒಲೆ, ರಾಟೆಯಿರುವ ಬಾವಿ, ಕಣಜ, ಕೋಳಿ, ನಾಯಿ, ಹಂದಿಯ ಗೂಡು, ಗದ್ದೆಯ ಮಾದರಿ, ಅಂತಸ್ತುಗಳಿರುವ ಕಾವಲು ಗೋಪುರ: ಒಂದು ಗೃಹಸ್ಥನ ಸಂಸಾರವೇ ಅಲ್ಲಿ ಕಿರಿದಾಗಿ ನಿಂತಿರುತ್ತದೆ. ಆ ಕಾಲದ ಮರದ ಮನೆಗಳು ಉಳಿದಿಲ್ಲ. ಅವುಗಳ ಮಾಡು ಹೇಗಿತ್ತು, ಅಂತಸ್ತುಗಳೆಷ್ಟಿದ್ದವು ಎಂಬುದನ್ನು ಇಂದು ವಿದ್ವಾಂಸರು ತಿಳಿಯುವುದು ಬಹುಮಟ್ಟಿಗೆ ಈ ಗೊಂಬೆಮನೆಗಳಿಂದ. ಆಸ್ಥಾನದ ಚರಿತ್ರೆಕಾರನು ಹಂದಿಯ ಗೂಡನ್ನು ವರ್ಣಿಸಲಿಲ್ಲ; ಕುಂಬಾರನು ವರ್ಣಿಸಿದನು. ಸತ್ತವರಿಗೆಂದು ಮಾಡಿದುದು ಬದುಕಿದವರ ಚರಿತ್ರೆಯಾಯಿತು.

ಹಾನ್ ವಂಶದಲ್ಲಿ ಎರಡು ವಿರುದ್ಧ ಮನೋಧರ್ಮಗಳ ದೃಷ್ಟಾಂತವೂ ಸಿಕ್ಕುತ್ತದೆ. ರಾಜಕುಮಾರ ಲಿಯು ಶೆಂಗನು ಕ್ರಿ.ಪೂ. ೧೧೩ರಲ್ಲಿ ಸತ್ತಾಗ ಅವನಿಗೆ ೨೪೯೮ ಜೇಡ್ ಶಿಲೆಯ ಬಿಲ್ಲೆಗಳನ್ನು ಸುಮಾರು ಒಂದು ಕಿಲೋಗ್ರಾಮಿಗೂ ಹೆಚ್ಚು ತೂಕದ ಚಿನ್ನದ ತಂತಿಯಿಂದ ಹೊಲಿದು ಅಂಗಿ ತೊಡಿಸಿದರು. ಜೇಡ್ ಶಿಲೆ ದೇಹವನ್ನು ಕೆಡದಂತೆ ಕಾಪಾಡುವುದೆಂಬ ನಂಬಿಕೆ. ೧೯೬೮ರಲ್ಲಿ ಹೆಬೈ ಪ್ರಾಂತ್ಯದ ಮಾನ್‌ಚೆಂಗ್‌ನಲ್ಲಿ ಅದನ್ನು ಹೊರತೆಗೆದಾಗ ಅಂಗಿಯಿತ್ತು, ದೇಹವಿರಲಿಲ್ಲ. ಇವನ ಅಜ್ಜನಾದ ವೆನ್ ಚಕ್ರವರ್ತಿಯ ದಾರಿ ಬೇರೆ. ತನ್ನ ಸಮಾಧಿಯಲ್ಲಿ ಮಣ್ಣಿನ ಪಾತ್ರೆಗಳನ್ನು ಮಾತ್ರ ಇಡಬೇಕು, ಚಿನ್ನ, ಬೆಳ್ಳಿ, ತಾಮ್ರ, ತವರಗಳಿಂದ ಅಲಂಕರಿಸಬಾರದು ಎಂದು ಅವನು ವಿಧಿಸಿದ್ದನೆಂದು ಇತಿಹಾಸ ಹೇಳುತ್ತದೆ. ಷಿಆನ್ ಬಳಿಯ ಜಿಯಾಂಗ್‌ಸುನ್ ಎಂಬಲ್ಲಿನ ದೊಡ್ಡ ಸಮಾಧಿಯೇ ಅವನದೆಂದು ೨೦೨೧ರಲ್ಲಿ ಚೀನಾದ ಪುರಾತತ್ತ್ವಜ್ಞರು ಪ್ರಕಟಿಸಿದರು.

ಆಡಂಬರವೆ, ಅಕ್ಕರೆಯೆ ಎಂಬ ಈ ಜಿಜ್ಞಾಸೆ ಚೀನಾದ ತತ್ತ್ವಜ್ಞರನ್ನೂ ಕಾಡಿದೆ. ವೈಭವದ ಅಂತ್ಯಕ್ರಿಯೆ ಬಡವನನ್ನು ಭಿಕಾರಿಯನ್ನಾಗಿಸುತ್ತದೆ, ಲೋಕಕ್ಕೆ ಉಪಯೋಗವಾಗಬೇಕಾದ ಸಂಪತ್ತು ಮಣ್ಣುಪಾಲಾಗುತ್ತದೆ ಎಂದು ಮೋತ್ಸು ವಾದಿಸಿದನು. ಶುನ್‌ತ್ಸು ಎಂಬ ಇನ್ನೊಬ್ಬ ಜ್ಞಾನಿಯು, ಕ್ರಿಯೆಯೆಂಬುದು ಸತ್ತವನ ಉಪಯೋಗಕ್ಕಲ್ಲ, ಉಳಿದವರ ದುಃಖಕ್ಕೆ ಒಂದು ರೂಪವನ್ನೂ ಒಂದು ಮಿತಿಯನ್ನೂ ಕೊಡುವುದಕ್ಕೆ ಎಂದು ಸಮಾಧಾನ ಹೇಳಿದನು. ನನ್ನ ಮನಸ್ಸು ಎರಡನೆಯವನ ಕಡೆಗೆ ವಾಲುತ್ತದೆ. ದುಃಖಕ್ಕೆ ಪಾತ್ರೆ ಬೇಕು, ಪಾತ್ರೆ ಚಿನ್ನದ್ದಾಗಬೇಕಾಗಿಲ್ಲ.

ಕ್ರಿ.ಶ. ಏಳು ಎಂಟನೆಯ ಶತಮಾನಗಳ ತಾಂಗ್ ವಂಶದ ಕಾಲಕ್ಕೆ ಈ ಕಲೆ ತುತ್ತತುದಿಗೇರಿತು. ಹಳದಿ, ಹಸಿರು, ಕೆನೆಬಣ್ಣದ ಗಾಜುಲೇಪವಿರುವ ಕುದುರೆಗಳು, ಒಂಟೆಗಳು, ಪರದೇಶದ ಸಾರ್ಥವಾಹರು, ವಾದ್ಯ ನುಡಿಸುವ ಹೆಂಗಸರು ಇವೆಲ್ಲ ಆ ಕಾಲದವು. ಶವಯಾತ್ರೆಯ ದಿನ ದಾರಿಯುದ್ದಕ್ಕೂ ಇವನ್ನು ಮೆರೆಸಿ ಬಳಿಕ ಸಮಾಧಿಯೊಳಗಿಟ್ಟು ಬಾಗಿಲು ಮುಚ್ಚುತ್ತಿದ್ದರು. ಮೆರವಣಿಗೆಯೆಂದ ಮೇಲೆ ಪೈಪೋಟಿಯೂ ಇರಲೇಬೇಕಷ್ಟೆ! ಅದಕ್ಕಾಗಿ ಸರ್ಕಾರವು ಅಂತಸ್ತಿಗನುಗುಣವಾಗಿ ಗೊಂಬೆಗಳ ಸಂಖ್ಯೆಯನ್ನು ಗೊತ್ತುಮಾಡಿತು: ಮೂರನೆಯ ದರ್ಜೆಗೆ ಮೇಲ್ಪಟ್ಟ ಅಧಿಕಾರಿಗಳಿಗೆ ೯೦, ಐದನೆಯ ದರ್ಜೆಗೆ ಮೇಲ್ಪಟ್ಟವರಿಗೆ ೬೦, ಒಂಬತ್ತನೆಯ ದರ್ಜೆಯವರೆಗಿನವರಿಗೆ ೪೦. ಕಾಯಿದೆಯನ್ನು ಮಾಡಬೇಕಾಗಿ ಬಂದುದೇ ಜನ ಮಿತಿಯನ್ನು ಮೀರುತ್ತಿದ್ದರೆಂಬುದಕ್ಕೆ ಸಾಕ್ಷಿ.

ಈ ವಸ್ತುಗಳು ಭೂಮಿಯಿಂದ ಎದ್ದು ವಸ್ತುಸಂಗ್ರಹಾಲಯವನ್ನು ಸೇರಿದ ಬಗೆ ಹೇಗೆ? ಇಲ್ಲಿಯೇ ನನ್ನ ದುಡುಕಿನ ಉತ್ತರ ಮುಗ್ಗರಿಸಿದ್ದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲುವೊಯಾಂಗ್ ನಗರದ ಸುತ್ತ ರೈಲುದಾರಿ ಹಾಕಲು ನೆಲವನ್ನು ಅಗೆದಾಗ ತಾಂಗ್ ಕಾಲದ ಸಮಾಧಿಗಳು ಬಾಯ್ದೆರೆದುವು. ಚೀನಾದ ರಸಿಕರು ಪ್ರಾಚೀನ ಕಂಚು, ಚಿತ್ರಪಟ, ಜೇಡ್‌ಗಳನ್ನು ಶತಮಾನಗಳಿಂದ ಕೂಡಿಟ್ಟವರಾದರೂ ಗೋರಿಯ ಗೊಂಬೆಗಳನ್ನು ಅಮಂಗಲವೆಂದು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಪಾಶ್ಚಾತ್ಯರಿಗೆ ಆ ಹಿಂಜರಿಕೆಯಿರಲಿಲ್ಲ. ಬೆಲೆ ಏರಿತು; ಬೆಲೆಯೇರಿದಂತೆ ಗುದ್ದಲಿಗಳೂ ಏಳತೊಡಗಿದುವು. ಮೊದಲು ದಾರಿಗಾಗಿ ಅಗೆದವರು ಬಳಿಕ ಗೊಂಬೆಗಾಗಿ ಅಗೆದರು. ಅಮೆರಿಕದ ಷಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯದ ಬರ್ಟೋಲ್ಡ್ ಲೌಫರ್ ಎಂಬ ವಿದ್ವಾಂಸರು ೧೯೦೯ರಲ್ಲಿ ಹಾನ್ ಕಾಲದ ಮಣ್ಣಿನ ವಸ್ತುಗಳನ್ನೂ ೧೯೧೪ರಲ್ಲಿ ಮಣ್ಣಿನ ಗೊಂಬೆಗಳನ್ನೂ ಕುರಿತು ಗ್ರಂಥಗಳನ್ನು ಪ್ರಕಟಿಸಿ, ಇವು ಆಟಿಕೆಗಳಲ್ಲ, ಒಂದು ನಾಗರಿಕತೆಯ ದಾಖಲೆಗಳೆಂದು ತೋರಿಸಿಕೊಟ್ಟರು. ಅವರ ವಿದ್ವತ್ತಿಗೆ ನಮಸ್ಕಾರ. ಆದರೆ ವಿದ್ವತ್ತೂ ವ್ಯಾಪಾರವೂ ಅಂದು ಒಂದೇ ಹಡಗಿನಲ್ಲಿ ಪ್ರಯಾಣ ಮಾಡಿದುವೆಂಬುದನ್ನು ಅಲ್ಲಗಳೆಯಲಾಗದು.

ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿ ಸುಮಾರು ಮೀಟರಿನೆತ್ತರದ ಹದಿಮೂರು ತಾಂಗ್ ಗೊಂಬೆಗಳ ಸಾಲೊಂದಿದೆ. ೭೨೮ರಲ್ಲಿ ತೀರಿಕೊಂಡ ಲಿಯು ತಿಂಗ್‌ಶುನ್ ಎಂಬ ಸೇನಾಪತಿಯ ಸಮಾಧಿಯವು ಎಂದು ಹೇಳಲಾಗುತ್ತದೆ. 'ಎಂದು ಹೇಳಲಾಗುತ್ತದೆ' ಎಂಬ ಈ ಎರಡು ಮೂರು ಮಾತುಗಳನ್ನು ವಾಚಕರು ದಯಮಾಡಿ ಗಮನಿಸಬೇಕು. ತಿಳಿದವರ ಕಣ್ಣೆದುರಿಗೆ ಕ್ರಮಬದ್ಧವಾಗಿ ಅಗೆದು ತೆಗೆಯದ ವಸ್ತು ಎಷ್ಟು ಸುಂದರವಾಗಿದ್ದರೂ ಅದರ ಬಾಯಿಗೆ ಈ ಬೀಗ ಬಿದ್ದಿರುತ್ತದೆ. ಪಕ್ಕದಲ್ಲಿ ಏನಿತ್ತು, ಎಡಕ್ಕೆ ಯಾರು ನಿಂತಿದ್ದರು, ಬಲಕ್ಕೆ ಯಾರು ಎಂಬುದು ನಾಶವಾಯಿತು. ಪ್ರಕರಣವನ್ನು ಕಿತ್ತೆಸೆದು ಪದವೊಂದನ್ನೇ ಉಳಿಸಿಕೊಂಡರೆ ಅರ್ಥನಿರ್ಣಯ ಹೇಗೆ ಸಾಧ್ಯ? ನಮ್ಮ ಶಾಸ್ತ್ರಕಾರರು ಹೇಳುವ 'ಸೈಂಧವ'ದ ಉದಾಹರಣೆಯನ್ನು ನೆನೆಯಿರಿ: ಊಟಕ್ಕೆ ಕುಳಿತವನು ಕೇಳಿದರೆ ಉಪ್ಪು, ಪಯಣಕ್ಕೆ ಹೊರಟವನು ಕೇಳಿದರೆ ಕುದುರೆ. ಅಂಗಡಿಯಲ್ಲಿ ನಿಂತಿರುವ ಕುದುರೆ ಪ್ರಕರಣವನ್ನು ಕಳೆದುಕೊಂಡ ಪದ.

ಇದಕ್ಕೆ ಪ್ರತಿಯಾಗಿ ಹುನಾನ್ ಪ್ರಾಂತ್ಯದ ಛಾಂಗ್‌ಶಾ ನಗರದ ಮಾವಾಂಗ್‌ದುಯಿಯಲ್ಲಿ ೧೯೭೨ರಿಂದ ೧೯೭೪ರವರೆಗೆ ನಡೆದ ಉತ್ಖನನವನ್ನು ನೋಡಿ. ಕ್ರಿ.ಪೂ. ಎರಡನೆಯ ಶತಮಾನದ ಶಿನ್ ಝುಯಿ ಎಂಬ ಶ್ರೀಮಂತ ಗೃಹಿಣಿಯ ಸಮಾಧಿ ಅಲ್ಲಿತ್ತು. ೪೯ ಗ್ರಾಮ್ ತೂಕದ ರೇಷ್ಮೆಯ ಅಂಗಿ, ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಚಿತ್ರಪಟ, ಮರದ ಸೇವಕಿಯರು, ಅರಗಿನ ಬಣ್ಣದ ಪಾತ್ರೆಗಳು, ಇವೆಲ್ಲಕ್ಕಿಂತ ಅಮೂಲ್ಯವಾಗಿ, ಸಮಾಧಿಯಲ್ಲಿಟ್ಟ ವಸ್ತುಗಳ ಪಟ್ಟಿಯನ್ನು ಬರೆದ ಮುನ್ನೂರಕ್ಕೂ ಹೆಚ್ಚು ಬಿದಿರಿನ ಪಟ್ಟಿಕೆಗಳು ದೊರೆತವು. ಪಟ್ಟಿಯನ್ನು ಹಿಡಿದು ವಸ್ತುವನ್ನೂ, ವಸ್ತುವನ್ನು ಹಿಡಿದು ಪಟ್ಟಿಯನ್ನೂ ಓದಬಹುದಾಯಿತು. ಅಲ್ಲಿ 'ಎಂದು ಹೇಳಲಾಗುತ್ತದೆ' ಎಂಬ ಮಾತಿಲ್ಲ. ಆ ಗೃಹಿಣಿಯ ದೇಹವೂ ಕೆಡದೆ ಉಳಿದಿತ್ತು. ಆಕೆ ಕಡೆಯ ದಿನ ತಿಂದ ಕರಬೂಜದ ಬೀಜಗಳು ಹೊಟ್ಟೆಯಲ್ಲಿದ್ದುವು. ವೈದ್ಯರು ಪರೀಕ್ಷಿಸಿ ರೋಗಗಳನ್ನು ತಿಳಿದುದು ಸರಿಯೇ. ಆದರೆ ಆ ದೇಹವನ್ನು ಇಂದಿಗೂ ಪ್ರೇಕ್ಷಕರಿಗೆ ತೋರಿಸುತ್ತಿರುವುದನ್ನು ಮಾತ್ರ ನಾನು ಒಪ್ಪಲಾರೆ. ಕೊಟ್ಟ ವಸ್ತುವನ್ನು ನೋಡಬಹುದು. ಪಡೆದವಳನ್ನು ನೋಟದ ವಸ್ತುವನ್ನಾಗಿ ಮಾಡಬಾರದು.

ಇತರ ದೇಶದವರನ್ನೇ ಟೀಕಿಸಿ ನಾವು ನುಣುಚಿಕೊಳ್ಳುವಂತಿಲ್ಲ. ಬ್ರಿಟಿಷ್ ಭಾರತ ಸರ್ಕಾರದ ಸೇವೆಯಲ್ಲಿದ್ದ ಆರೆಲ್ ಸ್ಟೈನ್ ಅವರು ತಮ್ಮ ಮೂರನೆಯ ಮಧ್ಯ ಏಷ್ಯಾ ಯಾತ್ರೆಯಲ್ಲಿ, ೧೯೧೫ರಲ್ಲಿ, ತುರ್ಫಾನ್ ಬಳಿಯ ಅಸ್ತಾನಾ ಎಂಬ ಮರಳುಗಾಡಿನ ಸಮಾಧಿಭೂಮಿಯನ್ನು ಅಗೆದು ತಂದ ವಸ್ತುಗಳಲ್ಲಿ ಬಹುಪಾಲು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಸೊಂಟದಿಂದ ಕೆಳಗೆ ಸರ್ಪಗಳಾಗಿ ಹೆಣೆದುಕೊಂಡು, ಕೈಯಲ್ಲಿ ಮೂಲೆಮಟ್ಟವನ್ನೂ ಕೈವಾರವನ್ನೂ ಹಿಡಿದ ಫೂ ಶಿ, ನ್ಯೂ ವಾ ಎಂಬ ಆದಿದಂಪತಿಗಳ ರೇಷ್ಮೆಯ ಚಿತ್ರವೂ ಅವುಗಳಲ್ಲಿ ಸೇರಿದೆ. ಸ್ಟೈನ್ ಅವರ ಪರಿಶ್ರಮವನ್ನು ವಿದ್ವಜ್ಜಗತ್ತು ಮೆಚ್ಚಿದೆ. ಚೀನಾದಲ್ಲಿ ಅವರನ್ನು ಕೊಳ್ಳೆಗಾರರೆಂದು ಕರೆಯುವವರೂ ಬಹಳ ಮಂದಿ ಇದ್ದಾರೆ. ಎರಡು ಮಾತುಗಳಲ್ಲಿಯೂ ಸತ್ಯವಿದೆ. ಚೀನಾದ ಮೃತರ ಸೊತ್ತಿಗೆ ಭಾರತವೂ ಒಂದು ಪಾಲಿಗೆ ಪಾರುಪತ್ಯಗಾರನೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಬೇಕು.

ಅದೇ ಅಸ್ತಾನಾದಲ್ಲಿ ಚೀನಾದ ಪುರಾತತ್ತ್ವಜ್ಞರು ೧೯೫೯ರಿಂದ ಮುಂದೆ ನಡೆಸಿದ ಉತ್ಖನನಗಳಲ್ಲಿ ಕಂಡ ಒಂದು ಸಂಗತಿ ನನ್ನ ಮನಸ್ಸನ್ನು ಬಹುವಾಗಿ ತಟ್ಟಿತು. ಕಾಗದ ದುರ್ಲಭವಾಗಿದ್ದ ಆ ಸೀಮೆಯಲ್ಲಿ, ಬರೆದು ಬಿಸಾಡಿದ ಹಳೆಯ ಕಾಗದಗಳನ್ನೇ ಕತ್ತರಿಸಿ ಸತ್ತವರಿಗೆ ಪಾದರಕ್ಷೆ, ಟೊಪ್ಪಿಗೆ, ನಡುಪಟ್ಟಿಗಳನ್ನು ಮಾಡುತ್ತಿದ್ದರು. ೧೯೭೩ರಲ್ಲಿ ತೆರೆದ ೨೦೬ನೆಯ ಸಮಾಧಿಯಲ್ಲಿದ್ದ ಗೊಂಬೆಗಳ ತೋಳುಗಳನ್ನು ಸುರುಳಿ ಸುತ್ತಿದ ಕಾಗದದಿಂದ ಮಾಡಿತ್ತು. ಬಿಚ್ಚಿ ನೋಡಿದರೆ ಅವು ಬಹುದೂರದ ರಾಜಧಾನಿ ಛಾಂಗ್‌ಆನ್ ನಗರದ ಗಿರವಿ ಅಂಗಡಿಯ ಚೀಟಿಗಳು. ಯಾರೋ ಬಡವರು ಬಟ್ಟೆಬರೆಯನ್ನು ಒತ್ತೆಯಿಟ್ಟು ಕಾಸು ತಂದ ಲೆಕ್ಕ. ಚಕ್ರವರ್ತಿಗಳ ಶಿಲಾಶಾಸನಗಳಲ್ಲಿ ಎಂದೂ ಬಾರದ ಈ ಜನರ ಕಷ್ಟ ಒಂದು ಗೊಂಬೆಯ ತೋಳಿನೊಳಗೆ ಸಾವಿರದ ಮುನ್ನೂರು ವರ್ಷ ಅಡಗಿ ಕುಳಿತಿತ್ತು. ಕಳ್ಳನ ಕೈಗೆ ಆ ಗೊಂಬೆ ಸಿಕ್ಕಿದ್ದರೆ ಅವನು ತೋಳನ್ನು ಬಿಚ್ಚಿ ಓದುತ್ತಿದ್ದನೆ? ಗೊಂಬೆಯನ್ನು ಮಾರುತ್ತಿದ್ದ, ಮುರಿದ ತೋಳನ್ನು ಎಸೆಯುತ್ತಿದ್ದ.

ಕಾಗದದ ಮಾತು ಬಂದುದರಿಂದ ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಹೂಳುವ ಗೊಂಬೆಗಳು ಹಿಂದೆ ಸರಿದಂತೆ ಸುಡುವ ಕಾಗದದ ವಸ್ತುಗಳು ಮುಂದೆ ಬಂದುವು. ಹದಿಮೂರನೆಯ ಶತಮಾನದ ಮಾರ್ಕೊ ಪೋಲೋ ಈ ಪದ್ಧತಿಯನ್ನು ವರ್ಣಿಸಿದ್ದಾನೆ. ಇಂದಿಗೂ ಹಾಂಗ್‌ಕಾಂಗ್, ತೈವಾನ್ ಮೊದಲಾದೆಡೆ ಬಿದಿರು ಕಾಗದಗಳಿಂದ ಮನೆ, ಮೋಟಾರು, ದೂರವಾಣಿಗಳನ್ನು ಮಾಡಿ ಹಿರಿಯರ ಹೆಸರಿನಲ್ಲಿ ಸುಡುತ್ತಾರೆ. ೨೦೧೯ರಲ್ಲಿ ಪ್ಯಾರಿಸ್ ನಗರದ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯವು ತೈವಾನಿನ ಇಂತಹ ಕಾಗದದ ವಸ್ತುಗಳ ಪ್ರದರ್ಶನವನ್ನೇ ಏರ್ಪಡಿಸಿತು. ಸುಟ್ಟರೆ ಮಾತ್ರ ಮುಟ್ಟಬೇಕಾದವರಿಗೆ ಮುಟ್ಟುವ ವಸ್ತುವಿದು. ಸುಡದೆ ಉಳಿದುದು ಯಾರಿಗೂ ಮುಟ್ಟಿಲ್ಲ. ಆದರೂ ಇಲ್ಲಿ ದೋಷವಿಲ್ಲ: ಕುಶಲಕರ್ಮಿಯು ತಿಳಿದು ಮಾಡಿದುದು, ಯಾರ ಗೋರಿಯನ್ನೂ ಒಡೆದಿಲ್ಲ. ಪ್ರದರ್ಶನವು ಕಳ್ಳತನವಿಲ್ಲದೆಯೂ ನಡೆಯಬಲ್ಲುದೆಂಬುದಕ್ಕೆ ಇದೇ ನಿದರ್ಶನ.

ಕಳ್ಳತನ ಹಿಂದಿನ ಕಾಲದ್ದಾಯಿತೆಂದು ಯಾರೂ ಭಾವಿಸಬಾರದು. ಮೇಲೆ ಹೇಳಿದ ವೆನ್ ಚಕ್ರವರ್ತಿಯ ರಾಣಿಯಾದ ದೌ ಅವರ ಸಮಾಧಿಯಿಂದ ಕದ್ದ ಆರು ಮಣ್ಣಿನ ಗೊಂಬೆಗಳು ೨೦೦೨ರಲ್ಲಿ ನ್ಯೂಯಾರ್ಕಿನ ಹರಾಜಿನ ಕಟ್ಟೆಯನ್ನೇರಿದ್ದುವು. ಚೀನಾ ಸರ್ಕಾರದ ಆಕ್ಷೇಪಣೆಯಿಂದ ಮಾರಾಟ ತಪ್ಪಿ, ೨೦೦೩ರಲ್ಲಿ ಅವು ಸ್ವದೇಶಕ್ಕೆ ಮರಳಿದುವು. ಮಣ್ಣಿನ ಪಾತ್ರೆಯೇ ಸಾಕೆಂದ ದೊರೆಯ ಮ‌ನೆಯಾಕೆಯ ಗೋರಿಯ ಮಣ್ಣಿಗೂ ಬೆಲೆ ಬಂದ ಕಾಲವಿದು. ಅಕ್ರಮ ಸಾಗಾಣಿಕೆಯನ್ನು ತಡೆಯಲು ಯುನೆಸ್ಕೋ ಸಂಸ್ಥೆ ೧೯೭೦ರಲ್ಲಿ ಒಪ್ಪಂದವನ್ನು ರೂಪಿಸಿತು. ೨೦೦೯ರಲ್ಲಿ ಅಮೆರಿಕವು ಚೀನಾದೊಡನೆ ಕರಾರು ಮಾಡಿಕೊಂಡು ತಾಂಗ್ ಕಾಲದ ಅಂತ್ಯದವರೆಗಿನ ಪ್ರಾಚೀನ ವಸ್ತುಗಳ ಆಮದಿಗೆ ನಿರ್ಬಂಧ ಹಾಕಿತು. ೨೦೧೯ರಲ್ಲಿ ಇಟಲಿ ೭೯೬ ವಸ್ತುಗಳನ್ನು ಚೀನಾಕ್ಕೆ ಮರಳಿಸಿತು. ಆದರೆ ಕೊಳ್ಳುವವನಿರುವ ತನಕ ಅಗೆಯುವವನಿರುತ್ತಾನೆ.

"ಅಂಗಡಿಯವನು ಪರೀಕ್ಷೆಯ ಪ್ರಮಾಣಪತ್ರ ಕೊಡುತ್ತಾನಲ್ಲ!" ಎಂದು ಕೆಲವರು ಕೇಳಬಹುದು. ಸುಟ್ಟ ಮಣ್ಣು ಕುಲುಮೆಯನ್ನು ಕಂಡು ಎಷ್ಟು ಕಾಲವಾಯಿತೆಂದು ಅಳೆಯುವ ವೈಜ್ಞಾನಿಕ ಪರೀಕ್ಷೆಯೇನೋ ಇದೆ. ಅದು ವಯಸ್ಸನ್ನು ಹೇಳಬಲ್ಲುದು, ಒಡೆಯನನ್ನು ಹೇಳಲಾರದು. ಪರೀಕ್ಷೆಯಲ್ಲಿ ವಸ್ತು ಸೋತರೆ ನಮಗೆ ದೊರೆತುದು ನಕಲು. ಗೆದ್ದರೆ, ಬಹುಶಃ ಕಳವಿನ ಮಾಲು. ಇವೆರಡರಲ್ಲಿ ಯಾವುದನ್ನು ಶಾಲೆಯಲ್ಲಿ ಇರಿಸಿ ಮಕ್ಕಳಿಗೆ ಪಾಠ ಹೇಳೋಣ?

ಆದುದರಿಂದ ನನ್ನ ಅಭಿಪ್ರಾಯವನ್ನು ಹೀಗೆ ತಿದ್ದಿಕೊಳ್ಳುತ್ತೇನೆ. ಗೋರಿಯ ವಸ್ತು ಅಮಂಗಲವೆಂಬ ಪಕ್ಷವನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ದುಃಖದಿಂದ ಮಾಡಿದ ವಸ್ತುವಿನಷ್ಟು ಶುಚಿಯಾದುದು ಲೋಕದಲ್ಲಿ ಬೇರೊಂದಿರಲಾರದು. ಅಪೂರ್ವವಾದುದರಿಂದ ಬರಲಿ ಎಂಬ ಪಕ್ಷವನ್ನು ಅಂದು ಒಪ್ಪಿದ್ದೆ, ಇಂದು ಬಿಡುತ್ತೇನೆ. ಕೇಳಬೇಕಾದುದು ಅಪೂರ್ವವೆ ಎಂದಲ್ಲ, ಯಾರದು ಎಂದು. ಯಾರದೆಂಬ ಪ್ರಶ್ನೆಗೆ ಉತ್ತರವಿಲ್ಲದ ವಸ್ತುವನ್ನು ಸಂಸ್ಥೆಯು ಕೊಳ್ಳಬಾರದು, ಕಾಣಿಕೆಯಾಗಿಯೂ ಪಡೆಯಬಾರದು. ಈಗಾಗಲೇ ವಸ್ತುಸಂಗ್ರಹಾಲಯಗಳಲ್ಲಿ ಇರುವುವನ್ನಂತೂ ಮತ್ತೆ ಹೂಳಲಾಗದು. ಅವುಗಳ ವಿಷಯದಲ್ಲಿ ಕನಿಷ್ಠ ಮೂರು ಕರ್ತವ್ಯಗಳುಂಟು. ಅದು ಒಬ್ಬ ಸತ್ತ ವ್ಯಕ್ತಿಗೆಂದು ಮಾಡಿದುದೆಂದು ಫಲಕದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಹೇಗೆ ಕೈಸೇರಿತೆಂಬುದನ್ನು ಮರೆಮಾಚದೆ ತಿಳಿಸಬೇಕು. ಕದ್ದುದೆಂದು ಸಿದ್ಧವಾದರೆ ಹಿಂದಿರುಗಿಸಬೇಕು. ಇಷ್ಟನ್ನು ನೆರವೇರಿಸಿದ ವಸ್ತುಸಂಗ್ರಹಾಲಯವು ಪಾಠಶಾಲೆ. ನೆರವೇರಿಸದುದು ಕೇವಲ ಉಗ್ರಾಣ.

ಕೊಡಲು ಮುಂದಾದ ಆ ಹಳೆಯ ವಿದ್ಯಾರ್ಥಿಯ ಔದಾರ್ಯವನ್ನು ನಾನು ಲೇಶಮಾತ್ರವೂ ಕಡಿಮೆಯಾಗಿ ಕಾಣುತ್ತಿಲ್ಲ. ದೂರದೇಶದಲ್ಲಿ ಅಂಗಡಿಯ ಮುಂದೆ ನಿಂತಾಗ ತಾನು ಕಲಿತ ಶಾಲೆ ನೆನಪಾಯಿತೆಂಬುದೇ ನಮಗೆ ದೊಡ್ಡ ಕಾಣಿಕೆ. ಆ ಹಣದಲ್ಲಿ ಚೀನಾದ ಪ್ರಾಚೀನ ಕಲೆಯನ್ನು ಕುರಿತ ಒಳ್ಳೆಯ ಚಿತ್ರಸಂಪುಟಗಳನ್ನು ಅವರು ನಮ್ಮ ಗ್ರಂಥಾಲಯಕ್ಕೆ ಕೊಡಿಸಲೆಂದು ಆಡಳಿತ ಮಂಡಳಿಯ ಮುಂದೆ ನನ್ನ ವಿನಂತಿ. ಚಿತ್ರವನ್ನು ನೋಡಿ ನಮ್ಮ ಮಕ್ಕಳೇ ಕೆರೆಯ ಜೇಡಿಮಣ್ಣಿನಿಂದ ಒಂದು ಕುದುರೆಯನ್ನು ಮಾಡಲಿ. ಅದರ ಕಾಲು ಸೊಟ್ಟಗಾದೀತು, ಬಣ್ಣ ಕೆಟ್ಟೀತು. ಆದರೆ ಯಾರು ಮಾಡಿದರೆಂದು ಕೇಳಿದರೆ ಹೆಸರು ಹೇಳಲು ಮಕ್ಕಳು ಎದುರಿಗೇ ನಿಂತಿರುತ್ತಾರೆ. ಅಂತಿಮ ತೀರ್ಮಾನ ಹಿರಿಯರದು. ದುಡುಕಿ ಆಡಿದ ಮಾತನ್ನು ನಾನು ಹಿಂದೆಗೆದುಕೊಂಡಿದ್ದೇನೆ.